ಅಜ್ಜಿ ಹೆಸರಲ್ಲಿ "ಮನೆ ಪೂರ್ಣಗೊಂಡಿದೆ" ಅಂತ ತೋರಿಸ್ತಿದೆ, ಆ ಮನೆ ಎಲ್ಲಿದೆ?

ಕಲ್ಲುಕಟ್ಟೆ_ಹೈದ · ಜುಲೈ 6, 2025

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ. ನಮ್ದು ತುಮಕೂರು ಜಿಲ್ಲೆ, ಪಂಚಾಯ್ತಿ ಹೆಸರು ಹಾಕಲ್ಲ, ಅಮ್ಮ ಅಲ್ಲೇ ಬಾಳ್ಬೇಕಲ್ಲ. ಅಮ್ಮನ ಹೆಸರಿಗೆ ಪಿಎಂ ಆವಾಸ್ ಗ್ರಾಮೀಣ್‌ನಲ್ಲಿ ಮನೆ ಬಂದಿದೆ. 2018ರಲ್ಲಿ ಆವಾಸ್ ಪ್ಲಸ್ ಸರ್ವೆ ಅಂತ ಬರ್ಕೊಂಡು ಹೋಗಿದ್ರು, ಇಷ್ಟು ವರ್ಷಕ್ಕೆ ಸರದಿ ಬಂತು. ಹೆಂಚಿನ ಮನೆ, ಹೋದ ಮಳೆಗಾಲದಲ್ಲಿ ಹಿಂದಿನ ಗೋಡೆ ಕುಸಿದು ಟಾರ್ಪಲ್ ಕಟ್ಟಿದ್ದೀವಿ, ಅದಕ್ಕೇ ಆರ್ಡರ್ ಬಂದ ಖುಷಿಲಿ ಅರ್ಧ ಮನೆ ಕೆಡವಿ ಪಾಯ ತೋಡ್ಸಿ ಸೈಜುಗಲ್ಲು ಇಳಿಸಿಬಿಟ್ವಿ. ಈಗ ಪಂಚಾಯ್ತಿಲಿ ಪಾಯದ ಫೋಟೋ ಹೊಡಿಯಕ್ಕಾಗಲ್ಲ ಅಂತಾವ್ರೆ.

ತಕರಾರು ಎರಡು. ಜಾಗದ ಖಾತೆ ಇನ್ನೂ ತಾತನ ಹೆಸರಲ್ಲಿದೆ, ತಾತ ಹೋಗಿ 20 ವರ್ಷ ಆಯ್ತು. ಮನೆ ಮಂಜೂರಾಗಿರೋದು ಅಮ್ಮಂಗೆ. ಜಾಗದ ಅರ್ಧದಲ್ಲಿ ದೊಡ್ಡಪ್ಪನ ಆರ್‌ಸಿಸಿ ಮನೆ ಇದೆ, ಇನ್ನರ್ಧದಲ್ಲಿ ನಮ್ದು, ಭಾಗ ಬಾಯ್ಮಾತಲ್ಲಿ ಆಗಿರೋದು ಅಷ್ಟೇ.

ಎರಡನೇದು ಕೇಳಿ ತಲೆ ಕೆಟ್ಟೋಯ್ತು. "ನಿಮ್ ಕುಟುಂಬಕ್ಕೆ ಆಗ್ಲೇ ಒಂದು ಮನೆ ಕೊಟ್ಟಾಗಿದೆ" ಅಂತೆ! ವಸತಿ ನಿಗಮದ ಆಶ್ರಯ ವೆಬ್‌ಸೈಟಲ್ಲಿ ಕೂತು ಹುಡುಕಿದ್ರೆ ನಿಜವಾಗ್ಲೂ ಇದೆ. 2010-11, ಇಂದಿರಾ ಆವಾಸ್, ಅಜ್ಜಿ ಹೆಸರು, ಗಂಡನ ಹೆಸರು, ಊರು ಎಲ್ಲ ಸರಿ, ಎಲ್ಲ ಕಂತು ಬಿಡುಗಡೆ, ಸ್ಥಿತಿ: ಪೂರ್ಣಗೊಂಡಿದೆ. ನಮ್ ಅಜ್ಜಿ 2016ರಲ್ಲಿ ಕಣ್ಮುಚ್ಚಿದ್ದು ಇದೇ ಹೆಂಚಿನ ಮನೆಲಿ. ಮಂಚದ ಪಕ್ಕ ಸೋರ್ತಿತ್ತು ಅಂತ ಬಕೆಟ್ ಇಟ್ಟೋನು ನಾನೇ. ಹಾಗಾದ್ರೆ ಆ ಮನೆ ಎಲ್ಲಿ, ದುಡ್ಡು ಯಾರು ನುಂಗಿದ್ರು? ಇವತ್ತಿನ ತನಕ ಯಾರೂ ಚೆಕ್ಕೇ ಮಾಡಿಲ್ವಾ?

ಎಲ್ರೂ_ಕಳ್ರು · ಜುಲೈ 6

ಇದ್ರಲ್ಲಿ ಕೇಳೋದೇನಿದೆ ಬ್ರೋ. ಜೂನ್‌ನಲ್ಲಿ ಆಳಂದ ಶಾಸಕರ ಆಡಿಯೊ ಕೇಳಿಲ್ವಾ, ದುಡ್ಡು ಕೊಟ್ಟೋರಿಗೆ ಮನೆ ಹಂಚಿಕೆ ಆಗ್ತಿದೆ ಅಂತ ಆಡಳಿತ ಪಕ್ಷದವ್ರೇ ಆರೋಪ ಮಾಡಿದ್ದು. ಅಜ್ಜಿ ಹೆಸರಲ್ಲಿ ಬಿಲ್ ಎತ್ತವ್ರೆ ಅಷ್ಟೇ. ಲೋಕಾಯುಕ್ತಕ್ಕೆ ಹಾಕಿ, ಟಿವಿಯವ್ರನ್ನ ಕರ್ಸಿ.

ರಿಟೈರ್ಡ್_ಬಿಲ್_ಕಲೆಕ್ಟರ್ · ಜುಲೈ 6

ತಮ್ಮಾ ನಿಧಾನ. ನಾನು 31 ವರ್ಷ ಪಂಚಾಯ್ತಿಲಿ ಕಂದಾಯ ವಸೂಲಿ ಮಾಡಿದವ್ನು, ಪಂಚಾಯ್ತಿಯವ್ರ ಪರ ಅಂತ ಬೈಬೇಡಿ.

ಮೊದ್ಲು ಖಾತೆ ವಿಷ್ಯ. 2013ರಲ್ಲಿ ಇ-ಸ್ವತ್ತು (ಪಂಚಾಯ್ತಿ ಆಸ್ತಿ ಖಾತೆ ಇಡೋ ಸಾಫ್ಟ್‌ವೇರ್) ಬಂದಾಗ ನಮ್ ಹತ್ರ ಇದ್ದಿದ್ದು ಡಿಮ್ಯಾಂಡ್ ರಿಜಿಸ್ಟರ್ ಒಂದೇ. ಅದ್ರಲ್ಲಿ ಯಾರ ಹೆಸರಿತ್ತೋ ಅದೇ ಕಂಪ್ಯೂಟರ್‌ಗೆ ಹೋಯ್ತು. ಮಕ್ಳು ಮೊಮ್ಮಕ್ಳು ಕಂದಾಯ ಕಟ್ತಾ ಇರ್ತಾರೆ, ರಸೀದಿ ಮಾತ್ರ ತಾತನ ಹೆಸರಿಗೇ ಹರೀತೀವಿ, ಯಾರೂ ಕೇಳಲ್ಲ. ಸತ್ತೋರನ್ನ ಕಂಪ್ಯೂಟರ್‌ಗೆ ಹತ್ತಿಸಿದ್ದು ನಾವೇ ಅಂದ್ಕೊಳ್ಳಿ. ಪಹಣಿಲೂ ಹಿಂಗೇ ಆಗಿದ್ದು, ಭೂಮಿ ಸಾಫ್ಟ್‌ವೇರ್ ಬಂದಾಗ.

ಅದಕ್ಕೇ ಆಗಬೇಕಾದ್ದು ಫೌತಿ ಖಾತೆ, ಅಂದ್ರೆ ಸತ್ತೋರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸೋದು. ತಾತನ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಎಲ್ಲ ವಾರಸುದಾರರ ಒಪ್ಪಿಗೆ. ಎಲ್ಲ ಅಂದ್ರೆ ಅತ್ತೆಯರದ್ದೂ ಸೇರಿ, ಮದ್ವೆ ಆಗಿ ಹೋದ್ರಲ್ಲ ಅಂತ ಬಿಡಂಗಿಲ್ಲ. ಮೊದ್ಲು ಜಂಟಿಯಾಗಿ ಎಲ್ರ ಹೆಸರಿಗೆ ಬರುತ್ತೆ, ಆಮೇಲೆ ವಿಭಾಗ ಪತ್ರ ರಿಜಿಸ್ಟರ್ ಮಾಡ್ಸಿದ್ರೆ ನಿಮ್ದು ನಿಮ್ಗೆ, ದೊಡ್ಡಪ್ಪಂದು ದೊಡ್ಡಪ್ಪಂಗೆ.

ಇನ್ನು ಅಜ್ಜಿ ಮನೆ ವಿಷ್ಯ. ಬೇಜಾರು ಮಾಡ್ಕೋಬೇಡ, ಅರ್ಜಿ ಗಿರ್ಜಿ ಅನ್ನೋ ಮುಂಚೆ ಮನೇಲಿ ಒಂದ್ಸಲ ಕೇಳು. ಹಿರೀರನ್ನ.

ಕಲ್ಲುಕಟ್ಟೆ_ಹೈದ · ಜುಲೈ 6

ಕೇಳಿದೆ ಸಾರ್. ಅಮ್ಮ "ಆಗಿಂದೆಲ್ಲ ನಂಗೇನ್ ಗೊತ್ತಪ್ಪ" ಅಂದ್ಬಿಟ್ರು. ಅಪ್ಪ ಇಲ್ಲ, 2012ರಲ್ಲೇ ಹೋದ್ರು. ಅವಾಗಿನ ಸೆಕ್ರೆಟರಿನೇ ತಿಂದಿರೋದು, ಊರಲ್ಲೂ ಅದೇ ಮಾತು, ಆಯಪ್ಪ ಆಗ ಹೊಸಾ ಬುಲೆಟ್ ತಗೊಂಡಿದ್ನಂತೆ.

ಸೈಟ್_ಇಂಜಿನಿಯರ್ · ಜುಲೈ 7

ಬುಲೆಟ್ ತಗೊಂಡಿದ್ದು ಸಾಕ್ಷಿ ಆಗಲ್ಲ ಮಾರಾಯ 😄

ನಾನು ಈಗ ಇದೇ ಕೆಲ್ಸದಲ್ಲಿ ಇರೋನು, ಬೇರೆ ಜಿಲ್ಲೆ. ದುಡ್ಡು ಹೆಂಗೆ ಹೋಗುತ್ತೆ ಅಂತ ಹೇಳ್ತೀನಿ, ಆಮೇಲೆ ನೀವೇ ಯೋಚ್ನೆ ಮಾಡಿ. ಈಗಿನ ಪದ್ಧತಿಲಿ ಪಾಯ, ಲಿಂಟಲ್, ಛಾವಣಿ, ಪೂರ್ಣ ಅಂತ ಹಂತ. ಒಂದೊಂದು ಹಂತಕ್ಕೂ ಜಾಗದಲ್ಲೇ ನಿಂತು ಮೊಬೈಲ್ ಆಪ್‌ನಲ್ಲಿ ಫೋಟೋ, ಫೋಟೋ ಜತೆ ಅಕ್ಷಾಂಶ ರೇಖಾಂಶ ಹೋಗುತ್ತೆ, ಪಾಯ ಒಂದ್ಕಡೆ ಛಾವಣಿ ಇನ್ನೊಂದ್ಕಡೆ ಆದ್ರೆ ಸಿಕ್ಕಿಬೀಳ್ತೀವಿ. ಆಮೇಲೆ ದುಡ್ಡು ನೇರ ಫಲಾನುಭವಿ ಆಧಾರ್ ಲಿಂಕ್ ಖಾತೆಗೆ. 2010ರಲ್ಲಿ ಇದ್ಯಾವ್ದೂ ಹಿಂಗಿರ್ಲಿಲ್ಲ. ಫೋಟೋ ಸ್ಟುಡಿಯೋದವ್ನ ಕರ್ಕೊಂಡ್ಹೋಗಿ ಫಲಾನುಭವಿನ ಗೋಡೆ ಮುಂದೆ ನಿಲ್ಸಿ, ಕೈಗೆ ಸ್ಲೇಟ್ ಕೊಟ್ಟು, ಹೆಸರು ಬರ್ದು, ಪ್ರಿಂಟ್ ಹಾಕ್ಸಿ ಫೈಲ್‌ಗೆ ಅಂಟಿಸೋದು.

ಅಂದ್ರೆ ನಿಮ್ ಅಜ್ಜಿ ಫೈಲ್ ಇದ್ರೆ ಅದ್ರಲ್ಲಿ ಫೋಟೋ ಇರ್ಲೇಬೇಕು. ಆ ಫೈಲ್ ನೋಡಿ. ಫೋಟೋಲಿ ಬೇರೆ ಯಾರೋ ಇದ್ರೆ, ಅಥ್ವಾ ಫೋಟೋನೇ ಇಲ್ದಿದ್ರೆ, ಅವಾಗ ಮಾತಾಡಿ.

ಒಂದು ವಿಷ್ಯ ಜನಕ್ಕೆ ಗೊತ್ತಿಲ್ಲ. ಆಪ್‌ನಲ್ಲಿ ನಾವು ಜಾಗ ಯಾರದ್ದು ಅಂತ ನೋಡಲ್ಲ, ಮನೆ ಎದ್ದಿದ್ಯಾ ಅಂತ ನೋಡ್ತೀವಿ. ಜಾಗ ಯಾರದ್ದು ಅನ್ನೋದು ಇ-ಸ್ವತ್ತಲ್ಲಿ. ಎರಡೂ ಒಂದೇ ರೂಮಿನ ಎರಡು ಕಂಪ್ಯೂಟರು, ಒಂದಕ್ಕೊಂದು ಮಾತಾಡಲ್ಲ. ಮನೆ ಪೂರ್ಣ ಅಂತ ನಾನು ಕ್ಲಿಕ್ ಮಾಡಿದ ಮಾತ್ರಕ್ಕೆ ಆ ಮನೆಗೆ ನಮೂನೆ 9 (ಇ-ಸ್ವತ್ತಿನ ಖಾತೆ ಪತ್ರ) ತಾನಾಗೇ ಬರಲ್ಲ. ಕಂದಾಯದ ಪುಸ್ತಕದಲ್ಲಿ ಅದಿನ್ನೂ ಖಾಲಿ ಜಾಗ, ಇಲ್ಲಾ ಹಳೇ ಹೆಂಚಿನ ಮನೆ.

ಆರ್‌ಟಿಐ_ಅಕ್ಕ · ಜುಲೈ 7

ಇಂಜಿನಿಯರ್ ಹೇಳಿದ್ದೇ ಸರಿ, ಮಾಹಿತಿ ಹಕ್ಕು ಕಾಯ್ದೆಲಿ (ಆರ್‌ಟಿಐ) ಅರ್ಜಿ ಹಾಕಿ ಫೈಲ್ ತೆಗೆಸಿ. ಪಂಚಾಯ್ತಿಲಿ ಮಾಹಿತಿ ಅಧಿಕಾರಿ ಅಂದ್ರೆ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅವ್ರೇ. ಅರ್ಜಿಗೆ 10 ರೂಪಾಯಿ ಪೋಸ್ಟಲ್ ಆರ್ಡರ್, ಅಮ್ಮಂದು ಬಿಪಿಎಲ್ ಕಾರ್ಡ್ ಇದ್ರೆ ಅಮ್ಮನ ಹೆಸರಲ್ಲೇ ಹಾಕಿ, ಅದೂ ಬೇಡ. ನಕಲಿಗೆ ಪುಟಕ್ಕೆ 2 ರೂಪಾಯಿ. 30 ದಿನ ಕಾಯಿರಿ, ಉತ್ತರ ಬರ್ಲಿಲ್ಲ ಅಂದ್ರೆ ತಾಲ್ಲೂಕು ಪಂಚಾಯ್ತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಅವ್ರಿಗೆ ಮೊದಲ ಮೇಲ್ಮನವಿ.

ಎಲ್ರೂ ಮಾಡೋ ತಪ್ಪು ಹೇಳ್ತೀನಿ ಕೇಳಿ. ನಮ್ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷ್ಯ, 150 ಪದದ ಒಳಗೆ. ಸಿಟ್ಟಲ್ಲಿ ಮೂರು ಪುಟ ಬರೆದು "ದುಡ್ಡು ಯಾರು ತಿಂದರು ತಿಳಿಸಿ" ಅಂತ ಕೇಳಿದ್ರೆ ಅದಕ್ಕೆ ಉತ್ತರ ಬರಲ್ಲ, ಅದು ಮಾಹಿತಿ ಅಲ್ಲ, ಜಗಳ. ದಾಖಲೆ ಕೇಳಿ. ನಾನಾದ್ರೆ ಹಿಂಗೆ ಬರೀತೀನಿ:

"2010-11ನೇ ಸಾಲಿನ ಇಂದಿರಾ ಆವಾಸ್ ಯೋಜನೆಯಡಿ ಶ್ರೀಮತಿ ಇಂಥವರು, ಫಲಾನುಭವಿ ಸಂಖ್ಯೆ ಇಷ್ಟು, ಇವರ ಕಡತದ ದೃಢೀಕೃತ ನಕಲು. ಅರ್ಜಿ, ಆಯ್ಕೆ ಮಾಡಿದ ಗ್ರಾಮಸಭೆಯ ನಡವಳಿ, ಪ್ರತಿ ಹಂತದ ಛಾಯಾಚಿತ್ರ, ಹಣ ಪಾವತಿ ವಿವರ ಸೇರಿ."

ಮುಗೀತು. ಇನ್ನೊಂದು ಮಾತು, ಸಹಾಯಧನ ಕೊಡೋ ಯೋಜನೆಗಳ ಫಲಾನುಭವಿ ವಿವರ ಯಾರೂ ಕೇಳದೆನೇ ಪ್ರಕಟಿಸ್ಬೇಕು ಅಂತ ಕಾಯ್ದೆಯ 4(1)(ಬಿ)ಲೇ ಇದೆ. ಪಂಚಾಯ್ತಿ ಗೋಡೆ ಮೇಲೆ ಹಳದಿ ಬಣ್ಣ ಹೊಡ್ದು ಪಟ್ಟಿ ಬರೆಸ್ತಾರಲ್ಲ, ಅದು ಅವ್ರ ಔದಾರ್ಯ ಅಲ್ಲ.

ಮಲಪ್ರಭಾ_ದಂಡಿ · ಜುಲೈ 8

ನಮ್ಮ ಕಡೆ ಕಥಿ ಕೇಳ್ರಿ. 2019ರ ಹೊಳಿ ಬಂದಾಗ ಬಿದ್ದ ಮನಿಗೆ ಎ, ಬಿ, ಸಿ ಅಂತ ಮಾಡಿದ್ರು. ಎ ಆದ್ರ 5 ಲಕ್ಷ, ಸಿ ಆದ್ರ 50 ಸಾವಿರ. ಒಂದ ಅಕ್ಷರಕ್ಕ ನಾಲ್ಕೂವರಿ ಲಕ್ಷ ಫರಕ್ ನೋಡ್ರಿ! ಅಂಥಾದ್ರಾಗ ಆ ಅಕ್ಷರ ಬರದವ್ರು ಒಂದ ದಿನದಾಗ ಎಪ್ಪತ್ತ ಮನಿ ನೋಡ್ಯಾರ, ಕೆಸರಾಗ ಕಾಲಿಟ್ಟು ಒಳಗ ಹೋಗಿ ನೋಡಿದ್ದು ಕಡಿಮಿ. ನಮ್ಮ ಓಣ್ಯಾಗ ಗ್ವಾಡಿ ಪೂರಾ ಬಿದ್ದಾಕಿಗೆ ಸಿ ಬಂತು, ಆಕಿ ಮಗ್ಗಲದಾಗ ದನದ ಕೊಟಿಗಿ ಬಿದ್ದಾವಗ ಎ ಬಂತು. ಎ ಬಂದವ ಮೊದಲ ಕಂತು ಒಂದ ಲಕ್ಷ ತಗೊಂಡು ಬುನಾದಿ ಹಾಕಿ ಫೋಟೋ ತಗಸಿ ಸುಮ್ನ ಕುಂತ, ಇವತ್ತಿಗೂ ಆ ಬುನ್ಯಾದ್ಯಾಗ ಆಡು ಕಟ್ಟತಾನ.

ನಾ ಹೇಳೂದು ಇಷ್ಟ, ಫೋಟೋ ಖರೇನ ಇರ್ತದ, ಜಿಪಿಎಸ್ ಖರೇನ ಇರ್ತದ. ಫೋಟೋ ತಗಿಯೂಕಿಂತ ಮೊದ್ಲ ಯಾರ ಹೆಸರು ಬರಕೊಂಡ್ರು ಅನ್ನೂದರಾಗ ಎಲ್ಲಾ ಐತಿ. ಅದನ್ನ ಬೆಂಗಳೂರಾಗ ಕುಂತು ನೋಡಾಕ ಆಗೂದಿಲ್ಲ, ಓಣಿ ಮಂದಿಗೆ ಅಷ್ಟ ಗೊತ್ತಿರ್ತದ.

ಬಿ_ಖಾತಾ_ಬಡವ · ಜುಲೈ 8

ಹಳ್ಳಿಲೇ ಹಿಂಗೆ ಅಂದ್ಕೋಬೇಡಿ. ಬೆಂಗಳೂರಲ್ಲಿ 2024ರ ಅಕ್ಟೋಬರಿಂದ ಇ-ಖಾತಾ ಇಲ್ದೆ ರಿಜಿಸ್ಟ್ರೇಶನ್ ಇಲ್ಲ ಅಂದ್ರು, ಡ್ರಾಫ್ಟ್ ಖಾತಾ ಆನ್‌ಲೈನ್ ಹಾಕಿದ್ರು, ನಾನು ನೋಡಿದ್ರೆ ನನ್ ಸೈಟು 30-40 ಇದ್ದಿದ್ದು 20-40 ಆಗಿದೆ, ಹೆಸರಲ್ಲಿ ಅಪ್ಪನ ಇನಿಷಿಯಲ್ ಮಾಯ. ಸರಿ ಮಾಡ್ಸಕ್ಕೆ ನಾಲ್ಕು ತಿಂಗ್ಳು. ಆ ಕಡೆ ಒಂದು ಬಹುಮಹಡಿ ವಸತಿ ಯೋಜನೆಗೆ ತಮ್ಮ ಆರಂಭಿಕ ಕಂತು ಕಟ್ಟಿ ಕೂತವ್ನೆ, ಯಾವ್ದು ಅಂತ ಹೇಳಲ್ಲ, ಫ್ಲಾಟ್ ನಂಬರ್ ಇದೆ, ಫ್ಲಾಟ್ ಇಲ್ಲ. ಒಬ್ಬಂಗೆ ಮನೆ ಇದೆ ರೆಕಾರ್ಡ್ ಇಲ್ಲ, ಇನ್ನೊಬ್ಬಂಗೆ ರೆಕಾರ್ಡ್ ಇದೆ ಮನೆ ಇಲ್ಲ.

ಖಾತೆ ಅಂದ್ರೆ ಮಾಲೀಕತ್ವ ಅಲ್ಲ ಅನ್ನೋದೂ ನೆನಪಿಟ್ಕೊಳ್ಳಿ, ತೆರಿಗೆ ಯಾರ ಹತ್ರ ವಸೂಲಿ ಮಾಡ್ಬೇಕು ಅನ್ನೋ ಲಿಸ್ಟ್ ಅದು. ಹಕ್ಕು ಬರೋದು ಕ್ರಯಪತ್ರ, ದಾನಪತ್ರ, ಹಕ್ಕುಪತ್ರ ಇಂಥವುಗಳಿಂದ. ಆದ್ರೆ ಬ್ಯಾಂಕಿನೋನು ಮೊದ್ಲು ಕೇಳೋದು ಖಾತೆನೇ!

ಕುಡ್ಲ_ಕಾಪಿ · ಜುಲೈ 9

ನಮ್ಮಲ್ಲಿ ಹಕ್ಕುಪತ್ರದ್ದೇ ದೊಡ್ಡ ರಗಳೆ ಮಾರಾಯ್ರೆ. ಮೂರು ತಲೆಮಾರು ಕೂತ ಮನೆ, ಅಡಿಯ ಜಾಗ ಸರ್ಕಾರದ್ದು. ಸರ್ಕಾರಿ ಜಾಗದ ಮನೆ ಸಕ್ರಮ ಮಾಡ್ಲಿಕ್ಕೆ 94ಸಿ ಅರ್ಜಿ ಹಾಕಿ ಕಾದದ್ದೇ ಕಾದದ್ದು. ಹಕ್ಕುಪತ್ರ ಇಲ್ಲದೆ ವಸತಿ ಯೋಜನೆ ಇಲ್ಲ, ಮನೆ ಗಟ್ಟಿ ಮಾಡ್ಲಿಕ್ಕೆ ದುಡ್ಡಿಲ್ಲ. ಮೊನ್ನೆ ಮೇ 20ಕ್ಕೆ ಹೊಸಪೇಟೆಯಲ್ಲಿ 1,11,111 ಹಕ್ಕುಪತ್ರ ಕೊಟ್ಟರಲ್ಲ, ತಾಂಡಾ ಹಟ್ಟಿಯವರಿಗೆ, ಅದು ಒಳ್ಳೆ ಕೆಲಸವೇ, ಇಲ್ಲ ಹೇಳುವುದಿಲ್ಲ. ಕೊಟ್ಟದ್ದು ನೇರ ನೋಂದಣಿ ಮಾಡಿಯೇ ಕೊಟ್ಟಿದ್ದಾರಂತೆ, ಹಿಂದಿನ ಹಾಗೆ ಬರೀ ಕಾಗದ ಅಲ್ಲ. ಹಳೇ ಆಶ್ರಯ ಹಕ್ಕುಪತ್ರ ಉಂಟಲ್ಲ, ನಮ್ಮ ನೆರೆಮನೆಯವರದ್ದು ಗೆದ್ದಲು ತಿಂದು ಅರ್ಧ ಉಳಿದಿದೆ, ಕಚೇರಿಯಲ್ಲಿ ಕೇಳಿದರೆ ಅವರ ಪ್ರತಿಯನ್ನೂ ಗೆದ್ದಲೇ ತಿಂದದ್ದಂತೆ. ಎಂತ ಮಾಡುವುದು.

ಎಲ್ರೂ_ಕಳ್ರು · ಜುಲೈ 9

ಸಿಎಜಿ ಲೋಕಾಯುಕ್ತ ಎಲ್ಲ ಇರೋದು ಸಂಬಳಕ್ಕೆ. ಇಷ್ಟು ವರ್ಷ ಏನ್ ಕಿಸಿದ್ರು.

ಆರ್‌ಟಿಐ_ಅಕ್ಕ · ಜುಲೈ 9

ಕೆಲ್ಸ ಹೆಂಗ್ ನಡ್ಯುತ್ತೆ ಅಂತ ತಿಳ್ಕೊಂಡು ಬೈರಿ, ಬೈಗುಳಕ್ಕೂ ತೂಕ ಬರುತ್ತೆ. ರಾಜ್ಯದ ವಸತಿ ಯೋಜನೆ ನಡೆಸೋದು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ, 2000ದಲ್ಲಿ ಆದ ಸರ್ಕಾರಿ ಕಂಪನಿ. ಅದ್ರ ಲೆಕ್ಕ ಸಿಎಜಿ ನೋಡುತ್ತೆ, ವರದಿ ವಿಧಾನಸಭೆಗೆ ಹೋಗುತ್ತೆ, ಅಲ್ಲಿ ಶಾಸಕರ ಸಮಿತಿ ಇಲಾಖೆಯವ್ರನ್ನ ಕರೆದು ಕೇಳುತ್ತೆ. ಸಿಎಜಿಯವ್ರು ರಾಜ್ಯದ ಎಲ್ಲ ಮನೆ ನೋಡಲ್ಲ, ಒಂದಷ್ಟು ಜಿಲ್ಲೆ, ಒಂದಷ್ಟು ಪಂಚಾಯ್ತಿ ಆಯ್ದು ನೋಡ್ತಾರೆ. ನಿಮ್ಮೂರು ಅದ್ರಲ್ಲಿ ಬಿದ್ರೆ ಬಿತ್ತು. ಪಂಚಾಯ್ತಿ ಲೆಕ್ಕಕ್ಕೆ ರಾಜ್ಯ ಲೆಕ್ಕಪರಿಶೋಧನೆ ಇಲಾಖೆ ಬೇರೆ ಬರುತ್ತೆ, ಅವ್ರು ನೋಡೋದು ಓಚರ್ ಇದ್ಯಾ, ಸಹಿ ಇದ್ಯಾ. ಊರಿನ ಕಣ್ಣಿಗೆ ಬೀಳೋದು ಅವ್ರ ಕಣ್ಣಿಗೆ ಬೀಳಲ್ಲ.

ಊರಿನ ಕಣ್ಣಿಗೇ ಅಂತ ಇರೋದು ಗ್ರಾಮಸಭೆ ಮತ್ತೆ ಜಮಾಬಂದಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಎಲ್ಲ ಗ್ರಾಮ ಪಂಚಾಯ್ತಿಲಿ ಜಮಾಬಂದಿ ಆಗ್ಬೇಕು. ತಾಲ್ಲೂಕಿಂದ ಅಧಿಕಾರಿ ಬಂದು ಹೋದ ವರ್ಷದ ಲೆಕ್ಕದ ಪುಸ್ತಕ ಜನರ ಮುಂದೆ ಬಿಚ್ಬೇಕು. ಎಷ್ಟ್ ಜನ ಹೋಗಿದ್ದೀರಾ ಇಲ್ಲಿ? ಕೈ ಎತ್ತಿ.

(ಯಾರೂ ಎತ್ತಲ್ಲ ಅಂತ ಗೊತ್ತು.)

ಕಲ್ಲುಕಟ್ಟೆ_ಹೈದ · ಜುಲೈ 12

ಅಮ್ಮನ ಹೆಸರಲ್ಲಿ ಅರ್ಜಿ ಹಾಕ್ದೆ. ರಿಜಿಸ್ಟರ್ ಪೋಸ್ಟ್. ಅಕ್ಕ ಹೇಳಿದ ಪದಗಳೇ.

ಅಮ್ಮ ಯಾಕೋ ಹೆಬ್ಬೆಟ್ಟು ಒತ್ತಕ್ಕೆ ಹಿಂದೆ ಮುಂದೆ ನೋಡಿದ್ರು. "ಸುಮ್ನೆ ಯಾಕಪ್ಪ ಹಳೇದೆಲ್ಲ" ಅಂದ್ರು. ಹೆದ್ರಿಕೆ ಇರ್ಬೇಕು.

ಸೈಟ್_ಇಂಜಿನಿಯರ್ · ಜುಲೈ 12

ಅಲ್ಲಿ ತನಕ ಪಾಯ ಹಂಗೇ ಬಿಡ್ಬೇಡಿ, ಮಳೆ ನೀರು ನಿಂತ್ರೆ ಕಲ್ಲು ಕೂತ್ಕೊಳ್ಳುತ್ತೆ. ಪಕ್ಕಕ್ಕೆ ಕಾಲುವೆ ಮಾಡಿ.

ಲೆಕ್ಕನೂ ಹೇಳ್ಬಿಡ್ತೀನಿ, ಪೂರ್ತಿ ಮನೆ ಆ ದುಡ್ಡಲ್ಲೇ ಆಗುತ್ತೆ ಅಂದ್ಕೊಂಡು ಸಾಲ ಮಾಡ್ಕೋಬೇಡಿ. ಪಿಎಂ ಆವಾಸ್ ಗ್ರಾಮೀಣ್ ಬಯಲುಸೀಮೆಗೆ 1.20 ಲಕ್ಷ. ಅದು 2016ರಿಂದ ಅಷ್ಟೇ, 2024ರಲ್ಲಿ ಇನ್ನೂ 2 ಕೋಟಿ ಮನೆ ಅಂತ ಯೋಜನೆ ಮುಂದುವರಿಸಿದಾಗ್ಲೂ ಆ ಅಂಕಿ ಅಲುಗಾಡ್ಲಿಲ್ಲ. ಜತೆಗೆ ನರೇಗಾದಲ್ಲಿ 90 ಮಾನವ ದಿನ, ಈ ವರ್ಷ (2025-26) ಕೂಲಿ 370, ಅಂದ್ರೆ 33,300. ಶೌಚಾಲಯಕ್ಕೆ 12 ಸಾವಿರ. ಎಲ್ಲ ಕೂಡಿ 1,65,300. ಮನೆ ಕನಿಷ್ಠ 25 ಚದರ ಮೀಟರ್ ಇರ್ಬೇಕು. ಇವತ್ತಿನ ಸಿಮೆಂಟು ಕಬ್ಬಿಣ ರೇಟಲ್ಲಿ ಇದು ಲಿಂಟಲ್ ದಾಟಿದ್ರೆ ನಿಮ್ ಪುಣ್ಯ. ಅರ್ಧಕ್ಕೆ ನಿಂತ ಮನೆ ನೋಡಿದ ತಕ್ಷಣ ಜನ ಯಾರೋ ತಿಂದವ್ರೆ ಅಂತಾರೆ, ಎಷ್ಟೋ ಸಲ ತಿಂದಿರೋದು ಮರಳು ಲಾರಿಯವ್ನು.

ಹಾಂ, ಆ 90 ದಿನದ ಕೂಲಿ ನರೇಗಾದಲ್ಲಿ ಬರೋದ್ರಿಂದ ಅದು ಸಾಮಾಜಿಕ ಪರಿಶೋಧನೆಗೂ ಬರುತ್ತೆ. ಅವ್ರು ಮನೆಮನೆಗೆ ಬಂದು ನೀವೇ ಕೆಲ್ಸ ಮಾಡಿದ್ರಾ ಅಂತ ಕೇಳ್ತಾರೆ. ಆ ಕಡತ ಸರಿಯಾಗಿ ಇಟ್ಕೊಳ್ಳಿ.

ರಿಟೈರ್ಡ್_ಬಿಲ್_ಕಲೆಕ್ಟರ್ · ಜುಲೈ 13

1.20 ಲಕ್ಷಕ್ಕೆ ಅಳ್ತೀರಲ್ಲ, ಇಂದಿರಾ ಆವಾಸ್‌ನಲ್ಲಿ 2010ರಲ್ಲಿ ಬಯಲುಸೀಮೆಗೆ 45 ಸಾವಿರ ಇತ್ತು, 2013ರಲ್ಲಿ 70 ಆಯ್ತು. ಆ 45ರಲ್ಲೂ ಕಟ್ಕೊಂಡವ್ರು ಇದ್ರು, ಅಣ್ತಮ್ಮಂದ್ರು ಇಬ್ರೂ ಸೇರ್ಕೊಂಡು ಒಬ್ರ ಹೆಸರಲ್ಲಿ ತಗೊಂಡು ಇನ್ನೊಬ್ರು ಕೈಯಿಂದ ಹಾಕಿ.

ಕಲ್ಲುಕಟ್ಟೆ_ಹೈದ · ಆಗಸ್ಟ್ 29

ಹೆಂಗ್ ಬರೀಬೇಕೋ ಗೊತ್ತಾಗ್ತಿಲ್ಲ.

ಎರಡು ವಾರದ ಹಿಂದೆ ಕವರ್ ಬಂತು, 14 ಪುಟ. ಮೊದಲ್ನೇ ಪುಟ ಅರ್ಜಿ, ಅಜ್ಜಿ ಹೆಬ್ಬೆಟ್ಟು. ಗ್ರಾಮಸಭೆ ನಡವಳಿಲಿ ಬಿಪಿಎಲ್ ಪಟ್ಟಿ ಪ್ರಕಾರ ವಿಧವೆ ಅಂತ ಅಜ್ಜಿ ಹೆಸರು ಮೂರನೇದು. ಕೊನೇ ಎರಡು ಪುಟ ಫೋಟೋ, ಜೆರಾಕ್ಸ್ ಆಗಿ ಕಪ್ಪು ಕಪ್ಪು. ಒಂದ್ರಲ್ಲಿ ಅಜ್ಜಿ ನಿಂತವ್ರೆ, ಕೈಲಿ ಸ್ಲೇಟು, ಚಾಕ್‌ಪೀಸಲ್ಲಿ ಹೆಸರು ಮತ್ತೆ ನಂಬರು. ಸೆರಗು ತಲೆ ಮೇಲೆ. ಹಿಂದೆ ಲಿಂಟಲ್ ತನಕ ಎದ್ದಿರೋ ಗೋಡೆ. ಗೋಡೆ ಪಕ್ಕ ಒಂದು ನುಗ್ಗೆ ಮರ.

ಆ ನುಗ್ಗೆ ಮರ ಈಗ್ಲೂ ಇದೆ. ದೊಡ್ಡಪ್ಪನ ಮನೆ ಬಚ್ಚಲ ಹಿಂದೆ.

ಅಮ್ಮನ ಮುಂದೆ ಫೋಟೋ ಇಟ್ಟೆ. ತುಂಬಾ ಹೊತ್ತು ನೋಡಿದ್ರು. ಆಮೇಲೆ ಹೇಳಿದ್ರು, "ನಿಮ್ಮಪ್ಪನೇ ಒಪ್ಕೊಂಡಿದ್ದು. ಅಣ್ಣಂಗೆ ಇಬ್ರು ಹೆಣ್ಮಕ್ಳು, ಮೊದ್ಲು ಅವ್ನು ಕಟ್ಕೊಳ್ಳಲಿ, ನಮ್ಗೆ ಆಮೇಲೆ ಬರುತ್ತೆ ಅಂದ್ರು. ಅಜ್ಜಿನೂ ಹೂಂ ಅಂದ್ರು." ಹಾಗಾದ್ರೆ ಅಜ್ಜಿ ಯಾಕೆ ಅಲ್ಲಿಗೆ ಹೋಗ್ಲಿಲ್ಲ ಅಂದ್ರೆ, ಆರ್‌ಸಿಸಿ ಮನೆ ಸೆಕೆ, ನಿದ್ದೆ ಬರಲ್ಲ ಅಂತ ಎರಡೇ ದಿನಕ್ಕೆ ವಾಪಸ್ ಬಂದ್ರಂತೆ.

ಸೆಕ್ರೆಟರಿ ಬಗ್ಗೆ ಇಲ್ಲಿ ಬರೆದಿದ್ದಕ್ಕೆ ತಪ್ಪಾಯ್ತು. ಊರಲ್ಲೂ ಹೇಳಿದ್ದೆ.

ರಿಟೈರ್ಡ್_ಬಿಲ್_ಕಲೆಕ್ಟರ್ · ಆಗಸ್ಟ್ 29

ಆರ್‌ಸಿಸಿ ಮನೆ ದೊಡ್ಡಪ್ಪಂದು ಅಂತ ನೀನು ಬರೆದ ದಿನಾನೇ ನಂಗೆ ಅನುಮಾನ ಇತ್ತಪ್ಪ, ಬಾಯ್ಬಿಟ್ಟು ಹೇಳಕ್ಕಾಗುತ್ತಾ. ನನ್ ಕಾಲದಲ್ಲಿ ಇಂಥವು ಒಂದೊಂದ್ ಊರಲ್ಲೂ ನಾಲ್ಕೈದು ನೋಡಿದ್ದೀನಿ. ಬಿಡು, ಯಾರೂ ಕಳ್ರಲ್ಲ ಅಂದ್ಕೋ.

ಎಲ್ರೂ_ಕಳ್ರು · ಆಗಸ್ಟ್ 29

ನಿಮ್ ದೊಡ್ಡಪ್ಪ ಮಾಡಿದ್ದೂ ಫ್ರಾಡೇ ಅಲ್ವಾ ಮತ್ತೆ? ಸುಮ್ನೆ ಕೇಳ್ತಿದ್ದೀನಿ.

ಸೈಟ್_ಇಂಜಿನಿಯರ್ · ಆಗಸ್ಟ್ 30

ಮೊದಲ್ನೇ ಸಲ ಇವ್ರು ಒಂದು ಒಳ್ಳೇ ಪ್ರಶ್ನೆ ಕೇಳವ್ರೆ.

ಕಾಗದದಲ್ಲಿ ನೋಡಿದ್ರೆ ಎಲ್ಲ ಸರಿ. ಫಲಾನುಭವಿ ನಿಜ, ಮನೆ ನಿಜ, ಫೋಟೋ ನಿಜ, ದುಡ್ಡು ಅವ್ರ ಹೆಸರಿಗೇ ಹೋಗಿದೆ. ಸಿಎಜಿಯವ್ರು ಆ ಕಡತ ಎತ್ಕೊಂಡಿದ್ರೂ ಟಿಕ್ ಹಾಕಿ ಪಕ್ಕಕ್ಕೆ ಇಡ್ತಿದ್ರು. ಆದ್ರೆ ಸೂರು ಬೇಕಾಗಿದ್ದ ವಿಧವೆ ಸೋರೋ ಮನೆಲೇ ಹೋದ್ರು. ಇದನ್ನ ನಾನು ಫ್ರಾಡ್ ಅನ್ನಲ್ಲ, ಸರಿ ಅಂತಾನೂ ಅನ್ನಲ್ಲ. ಅವತ್ತೇ ಮನೆ ಪೂರ್ಣ ಆದಾಗ ಅಜ್ಜಿ ಹೆಸರಿಗೆ ಮನೆ ಖಾತೆ ಕೂರ್ಸಿದ್ರೆ, ಇದು ಯಾರ ಮನೆ ಅನ್ನೋ ಮಾತು 2011ರಲ್ಲೇ ಪಂಚಾಯ್ತಿ ಕಟ್ಟೆಲಿ ಆಗ್ಬಿಡ್ತಿತ್ತು. ಹದಿನಾಲ್ಕು ವರ್ಷ ಸರ್ಕಾರದ ಒಂದು ಪುಸ್ತಕದಲ್ಲಿ ಅಲ್ಲಿ ಅಜ್ಜಿ ಮನೆ ಇತ್ತು, ಇನ್ನೊಂದ್ರಲ್ಲಿ ತಾತನ ಖಾಲಿ ಜಾಗ ಇತ್ತು, ದೊಡ್ಡಪ್ಪ ಎರಡ್ರಲ್ಲೂ ಇರ್ಲಿಲ್ಲ.

ಮಲಪ್ರಭಾ_ದಂಡಿ · ಆಗಸ್ಟ್ 30

ಅಜ್ಜಿ ಸೆಕಿ ಅಂತ ವಾಪಸ್ ಬಂದದ್ದು ಓದಿ ನಮ್ಮವ್ವನ ನೆನಪಾತು. ಪುನರ್ವಸತಿ ಮನ್ಯಾಗ ಆಕಿನೂ ಒಂದ ರಾತ್ರಿ ಸೈತ ಮಲಗಲಿಲ್ಲ.

ಆರ್‌ಟಿಐ_ಅಕ್ಕ · ಆಗಸ್ಟ್ 31

ಹೈದ, ಈಗ ಅಮ್ಮನ ವಿಷ್ಯಕ್ಕೆ ಬನ್ನಿ. ಅಜ್ಜಿಗೆ ಬಂತು ಅನ್ನೋ ಕಾರಣಕ್ಕೆ ಅಮ್ಮಂದು ಹೋಗ್ಬೇಕು ಅಂತಿಲ್ಲ. ಯಾವಾಗ ಬೇರೆ ಕುಟುಂಬ ಆದ್ರಿ ಅನ್ನೋದು ಮುಖ್ಯ. ಅಮ್ಮನ ಪ್ರತ್ಯೇಕ ರೇಷನ್ ಕಾರ್ಡ್ ಯಾವ ವರ್ಷದ್ದು? ಅದು, ಅಜ್ಜಿ ಮರಣ ಪತ್ರ, ಈ 14 ಪುಟ ಮೂರನ್ನೂ ಇಟ್ಟು ಪಿಡಿಒಗೆ ಮನವಿ ಕೊಡಿ, ಒಂದು ಪ್ರತಿ ಇಒಗೆ. ಸ್ಥಳ ಪರಿಶೀಲನೆ ಮಾಡಿ ವರದಿ ಕಳ್ಸಿ ಅಂತ ಬರೀರಿ. ಸ್ವೀಕೃತಿ ಸೀಲು ಹಾಕಿಸ್ಕೊಳ್ಳಿ, ಮರೀಬೇಡಿ.

ಕಲ್ಲುಕಟ್ಟೆ_ಹೈದ · ಸೆಪ್ಟೆಂಬರ್ 13

ಕಾರ್ಡ್ 2013ರದ್ದು ಅಕ್ಕ. ಮನವಿ ಕೊಟ್ಟೆ. ಮೊನ್ನೆ ಜಮಾಬಂದಿಗೂ ಹೋಗಿದ್ದೆ, ನೀವು ಕೈ ಎತ್ತಿ ಅಂದಿದ್ದು ಚುಚ್ತಿತ್ತು.

ಶಾಮಿಯಾನ, ನೂರು ಕುರ್ಚಿ, ಜನ ಮೂವತ್ತು, ಅದ್ರಲ್ಲಿ ಹನ್ನೆರಡು ಜನ ಪಂಚಾಯ್ತಿ ಸಿಬ್ಬಂದಿ ಮತ್ತೆ ಆಶಾ ಕಾರ್ಯಕರ್ತೆಯರು. ನೋಡಲ್ ಅಧಿಕಾರಿ ರಾಗವಾಗಿ ಆದಾಯ ಇಷ್ಟು ಖರ್ಚು ಇಷ್ಟು ಅಂತ ಓದ್ತಾ ಹೋದ್ರು, ಬೀದಿ ದೀಪ, ಬ್ಲೀಚಿಂಗ್ ಪೌಡರ್, ಸಭೆಯ ಟೀ ಬಿಸ್ಕತ್ತು. ವಸತಿ ಅನ್ನೋ ಕಡೆ ಬಂದಾಗ ಬರೀ ಸಂಖ್ಯೆ ಓದಿ ಮುಂದಕ್ಕೆ ಹೋಗ್ತಿದ್ರು. ನಾನು ಎದ್ದು "ಸಾರ್ ಹೆಸರು ಓದಿ" ಅಂದೆ. ಪಿಡಿಒ ಮುಖ ನೋಡಿದ್ರು, ಆಮೇಲೆ ಓದಿದ್ರು. ಹನ್ನೊಂದು ಹೆಸರು. ಏಳನೇ ಹೆಸರಿಗೆ ಹಿಂದಿನಿಂದ ಒಂದ್ ಹೆಂಗ್ಸು "ಅವ್ಳು ಬೆಂಗ್ಳೂರು ಸೇರ್ಕೊಂಡು ಆರ್ ವರ್ಷ ಆಯ್ತಲ್ಲ" ಅಂದ್ರು. ಶಾಮಿಯಾನ ಎಲ್ಲ ಗಪ್‌ಚುಪ್. ಪರಿಶೀಲಿಸ್ತೀವಿ ಅಂತ ಬರ್ಕೊಂಡ್ರು.

ಆ ಏಳನೇ ಹೆಸರಿನವ್ರ ಅತ್ತೆ ಎದ್ದು ಹೋಗ್ತಾ ನನ್ನ ಕಡೆ ನೋಡಿದ ನೋಟ ಇದ್ಯಲ್ಲ... ನಮ್ಮನೆ ಕಥೆ ನಂಗೆ ನೆನಪಾಯ್ತು.

ಬಿ_ಖಾತಾ_ಬಡವ · ಸೆಪ್ಟೆಂಬರ್ 13

ಡ್ರೋನ್ ಸರ್ವೆ ಆಗಿಲ್ವಾ ನಿಮ್ಮೂರಲ್ಲಿ? ಸ್ವಾಮಿತ್ವ ಅಂತ 2020ರ ಏಪ್ರಿಲಲ್ಲಿ ಶುರು ಮಾಡಿದ್ರಲ್ಲ, ಊರೊಳಗಿನ ಪ್ರತಿ ಮನೆಗೂ ಪ್ರಾಪರ್ಟಿ ಕಾರ್ಡ್ ಅಂತ.

ರಿಟೈರ್ಡ್_ಬಿಲ್_ಕಲೆಕ್ಟರ್ · ಸೆಪ್ಟೆಂಬರ್ 14

ನಮ್ಮೂರಲ್ಲಿ ಆಯ್ತು. ಡ್ರೋನ್ ಬರೋ ಮುಂಚೆ ಅವ್ರವ್ರ ಎಲ್ಲೆಗೆ ಸುಣ್ಣ ಎಳೀಬೇಕು. ಸುಣ್ಣ ಎಳೆಯೋ ದಿನ ಆದ ಜಗಳ ಚುನಾವಣೆಲೂ ಆಗಿಲ್ಲ. ಡ್ರೋನ್ ಮೇಲಿಂದ ಗೋಡೆ ನೋಡುತ್ತೆ ಕಣಪ್ಪ, ಬಾಯ್ಮಾತಿನ ಭಾಗ ನೋಡುತ್ತಾ?

ಕಲ್ಲುಕಟ್ಟೆ_ಹೈದ · ಅಕ್ಟೋಬರ್ 26

ಅಪ್ಡೇಟ್. ಇಒ ಕಡೆಯಿಂದ ಒಬ್ರು ಬಂದು ನೋಡ್ಕೊಂಡು ಹೋದ್ರು, ಅಮ್ಮ ಬೇರೆ ಕುಟುಂಬ ಅಂತ ವರದಿ ಹೋಗಿದೆ. ಪಾಯದ ಫೋಟೋ ತೆಗೆದ್ರು. ಅಮ್ಮ ಹೊಸ ಸೀರೆ ಉಟ್ಕೊಂಡು ನಿಂತಿದ್ರು, ಸ್ಲೇಟ್ ಬೇಡ್ವಾ ಅಂತ ಕೇಳಿದ್ರು.

ಖಾತೆದು ಉಳಿದಿದೆ. ಅತ್ತೆಯರು ಇಬ್ರೂ ಸಹಿ ಹಾಕಿದ್ರು, ಚಿಕ್ಕತ್ತೆ ಕೋಲಾರದಿಂದ ಬಸ್ಸಲ್ಲಿ ಬಂದು ಹಾಕಿ ಹೋದ್ರು. ದೊಡ್ಡಪ್ಪ ಎರಡು ತಿಂಗ್ಳಿಂದ ಮಾತಾಡ್ತಿಲ್ಲ, ಫೈಲ್ ತೆಗೆಸಿದ್ದು ಗೊತ್ತಾಗಿ. ಗೌರಿ ಹಬ್ಬಕ್ಕೂ ಬಾಗಿಲು ತೆಗೀಲಿಲ್ಲ. ನಾನು ಹೋಗಿ ಏನಂತ ಹೇಳ್ಲಿ?

ರಿಟೈರ್ಡ್_ಬಿಲ್_ಕಲೆಕ್ಟರ್ · ಅಕ್ಟೋಬರ್ 26

ಅವ್ರ ಮನೆಗೆ ನಮೂನೆ 9 ಇದ್ಯಾ ಕೇಳು. ಇರಕ್ಕೆ ಸಾಧ್ಯಾನೇ ಇಲ್ಲ. ಅವ್ರಿಗೂ ಇದೇ ಸಹಿ ಬೇಕು, ನಿಮ್ಮಮ್ಮಂದು.

ಕಲ್ಲುಕಟ್ಟೆ_ಹೈದ · ನವೆಂಬರ್ 9

ಸಾರ್ ನಿಮ್ ಕಾಲಿಗೆ ಬಿದ್ದೆ. ದೊಡ್ಡಪ್ಪನ ಅಳಿಯ ಆ ಮನೆ ಮೇಲೆ ಮಹಡಿ ಏರಿಸಕ್ಕೆ ಬ್ಯಾಂಕ್ ಸಾಲಕ್ಕೆ ಓಡಾಡ್ತಿದ್ನಂತೆ, ಖಾತೆ ಇಲ್ಲ ಅಂತ ವಾಪಸ್ ಕಳಿಸವ್ರೆ. ಬೆಳಿಗ್ಗೆ ದೊಡ್ಡಮ್ಮ ಒಂದು ಮೊರ ನುಗ್ಗೇಕಾಯಿ ತಗೊಂಡು ಬಂದು ಹಿತ್ಲಲ್ಲಿ ಕೂತ್ರು, ಅಮ್ಮಂಗೆ "ಸಹಿ ಎಲ್ಲಿ ಹಾಕ್ಬೇಕಂತೆ ಕೇಳೇ" ಅಂದ್ರು. ಗುರುವಾರ ಇಬ್ರೂ ಒಟ್ಟಿಗೆ ನಾಡಕಚೇರಿಗೆ. ಅಜ್ಜಿ ಫೋಟೋದು ಒಂದು ಜೆರಾಕ್ಸ್ ದೊಡ್ಡಪ್ಪ ಕೇಳಿ ಕಳ್ಸವ್ರೆ, ಯಾಕೆ ಅಂತ ಹೇಳಿಲ್ಲ.

ಹೊಸಬ_2231 · ನವೆಂಬರ್ 11

ಎಲ್ಲ ಓದಿದೆ ಸಾರ್, ತುಂಬಾ ಉಪಯೋಗ ಆಯ್ತು. ನಮ್ದೂ ತಾತನ ಹೆಸರಲ್ಲೇ ಇದೆ. ತಾತನ ಮರಣ ಪ್ರಮಾಣಪತ್ರ ಮಾಡ್ಸೇ ಇಲ್ಲ, 1998ರಲ್ಲಿ ಹೋಗಿದ್ದು. ಈಗ ಎಲ್ಲಿಂದ ಶುರು ಮಾಡ್ಲಿ?